ಕಸದ ಲಾರಿ ನಂಬರ್ ಮೂರರ ಮುಂದೆ ಇಪ್ಪತ್ತೊಂದು ಕಿಲೋಮೀಟರ್

ಸಾಂತಾ ರೂಫಿನಾ ಪುರಸಭೆಯ ನೈರ್ಮಲ್ಯ, ಉದ್ಯಾನ ಮತ್ತು ಕ್ರೀಡಾ ವಿಭಾಗದ ನಿರ್ದೇಶಕರಾದ ಇಂಜಿನಿಯರ್ ವಿಲ್ಮರ್ ಎಸ್ಟುಪಿನ್ಯಾನ್ ಅವರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಕುಟುಂಬವೂ ತಮ್ಮ ಕಚೇರಿಯ ಆ ಹೊಸ ಚರ್ಮದ ಕುರ್ಚಿಯೂ ಕ್ಷೇಮವಾಗಿರುವಿರೆಂದು ಭಾವಿಸಿ, ಎರಡೂ ಕಾಲುಗಳನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟುಕೊಂಡು ಈ ಪತ್ರವನ್ನು ಬರೆಯುತ್ತಿದ್ದೇನೆ. ನಮ್ಮೂರಿನ ಚರಿತ್ರೆಯಲ್ಲೇ ಮೊದಲನೆಯದಾದ ಅರ್ಧ ಮ್ಯಾರಥಾನ್ ಓಟವನ್ನು ಕೆರೆಯ ಸುತ್ತ ಏರ್ಪಡಿಸಿ, ಅದರಲ್ಲಿ ನನ್ನಂಥ ಐವತ್ತೆಂಟು ವರ್ಷದ ಹೆಂಗಸಿಗೂ ಕೊನೆಯ ಸ್ಥಾನವನ್ನು ಯಾವ ಭೇದಭಾವವಿಲ್ಲದೆ ದಯಪಾಲಿಸಿದ್ದಕ್ಕಾಗಿ ಮೊಟ್ಟಮೊದಲಿಗೆ ವಂದನೆಗಳು.

ತಾವು ನನ್ನನ್ನು ಬಲ್ಲಿರಿ. ಪುರಸಭೆಯ ಮೆಟ್ಟಿಲ ಬಲಗಡೆ, ನೀಲಿ ಛತ್ರಿಯ ಕೆಳಗೆ, ಟೈಪ್‌ರೈಟರ್ ಇಟ್ಟುಕೊಂಡು ಮೂವತ್ತೊಂದು ವರ್ಷಗಳಿಂದ ಊರವರ ಅರ್ಜಿಗಳನ್ನು ಬರೆದುಕೊಡುತ್ತಿರುವ ತರ್ಹೇಲಿಯಾ ಯೇಪೆಸ್ ನಾನು. ಒಡೆದ ಕೊಳವೆ, ಕಳೆದ ಗುರುತಿನ ಚೀಟಿ, ನೆರೆಮನೆಯ ಹುಂಜ, ಹೀಗೆ ಎಲ್ಲದರ ಬಗ್ಗೆಯೂ ಇತರರ ಪರವಾಗಿ ತಮ್ಮ ಕಚೇರಿಗೆ ಮಾನ್ಯರೇ ಎಂದು ಬರೆದವಳು. ನನ್ನ ಪರವಾಗಿ ಬರೆಯುತ್ತಿರುವುದು ಇದೇ ಮೊದಲು. ಆದ್ದರಿಂದ ಒಂದೆರಡು ಕಡೆ ಭಾಷೆ ಏರುದನಿಯಾದರೆ ಅದನ್ನು ಕೈಯ ದೋಷವೆಂದು ಭಾವಿಸಬೇಡಿ. ಅದು ಮಂಡಿಯ ದೋಷ.

ನಾನು ಓಟಗಾರ್ತಿಯಾದದ್ದು ತಮ್ಮ ಇಲಾಖೆಯ ದಕ್ಷತೆಯಿಂದ ಎಂಬುದನ್ನು ಇಲ್ಲಿ ದಾಖಲಿಸಬೇಕು. ಓಟಕ್ಕೆ ಹೆಸರು ಕೊಡುವವರು ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸಬೇಕೆಂದು ತಾವು ಆದೇಶಿಸಿದಾಗ ಆ ಅರ್ಜಿಗಳೆಲ್ಲ ನನ್ನ ಛತ್ರಿಯ ಕೆಳಗೇ ತಯಾರಾದವು. ಅಗ್ನಿಶಾಮಕ ದಳದವನೊಬ್ಬ ಅರ್ಜಿ ಬರೆಸಲು ಕುಳಿತವನು, ತನ್ನ ಹೆಸರು ಹೇಳುವ ಮೊದಲೇ ಸೈರನ್ ಕೇಳಿ ಎದ್ದು ಹೋದ. ಅರ್ಧಕ್ಕೆ ನಿಂತ ಆ ಅರ್ಜಿ ಹೇಗೋ ಉಳಿದವುಗಳ ಜೊತೆ ಸೇರಿ ಎರಡನೇ ಕಿಟಕಿಗೆ ತಲುಪಿತು. ಅಲ್ಲಿನ ಗುಮಾಸ್ತೆ ಲೊರೇನಾ, ಅರ್ಜಿದಾರರ ಜಾಗ ಖಾಲಿ ಇರುವುದನ್ನು ಕಂಡು, ಕೆಳಗೆ ಅರ್ಜಿ ಸಿದ್ಧಪಡಿಸಿದವರೆಂದು ಇದ್ದ ನನ್ನ ಹೆಸರನ್ನೇ ಮೇಲಕ್ಕೆ ಏರಿಸಿ, ಮೊಹರು ಒತ್ತಿ, ಅರವತ್ತಮೂರನೇ ಸಂಖ್ಯೆಯನ್ನು ನನಗೆ ಮಂಜೂರು ಮಾಡಿದಳು.

ನಾನು ಕೂಡಲೇ ಕಿಟಕಿಗೆ ಹೋಗಿ ಹೆಸರು ತೆಗೆಯುವಂತೆ ಕೇಳಿಕೊಂಡೆ. ಆಕೆ ಕನ್ನಡಕ ಸರಿಪಡಿಸಿಕೊಂಡು, ದೋನ್ಯಾ ಎಂದು ಗೌರವದಿಂದಲೇ ಕರೆಯುತ್ತಾ, ಒಂದು ಪಟ್ಟಿ ಹೊರತೆಗೆದಳು.

"ಹೆಸರು ವಾಪಸ್ ತಗೊಳ್ಳೋಕೆ ಒಂಬತ್ತು ದಾಖಲೆ ಬೇಕು ದೋನ್ಯಾ ತರ್ಹೇಲಿಯಾ. ಡಾಕ್ಟರ ಸರ್ಟಿಫಿಕೇಟು, ಎದೆಯ ಎಕ್ಸ್‌ರೇ, ಮತ ಹಾಕಿದ ಚೀಟಿ, ಇಬ್ಬರು ಸಾಕ್ಷಿಗಳು... ಓಡೋಕಾದ್ರೆ ಮೂರೇ ಸಾಕು, ಅದು ಆಗ್ಲೇ ಇದೆ. ಯಾವುದು ಸುಲಭ ಅಂತ ನೀವೇ ನೋಡಿ."

ಮೂವತ್ತೊಂದು ವರ್ಷ ಈ ಪುರಸಭೆಯ ದಾಖಲೆಗಳ ನಡುವೆ ಬಾಳಿದವಳು ನಾನು. ಓಡುವುದೇ ಸುಲಭವೆಂದು ನನಗೆ ತಕ್ಷಣ ಹೊಳೆಯಿತು.

ಓಟಕ್ಕೆ ಹದಿಮೂರು ವಾರಗಳಿದ್ದವು. ನನಗೆ ತರಬೇತಿ ಕೊಟ್ಟವಳು ಪಿಯೆದಾದ್ ಚಿಕೈಸಾ. ನನ್ನ ಮಗಳ ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ಮಗುವನ್ನು ಎತ್ತಿಕೊಂಡವಳು, ಆ ಲೆಕ್ಕದಲ್ಲಿ ನನಗೆ ಅಕ್ಕತಂಗಿಯರಿಗಿಂತ ಹತ್ತಿರ. ಮಾರುಕಟ್ಟೆಯಲ್ಲಿ ಇಡೀ ಹಂದಿಯನ್ನು ಹುರಿದು ಮಾರುವವಳು. ಪ್ರತಿದಿನ ಬೆಳಗಾಗುವ ಹೊತ್ತಿಗೆ, ಕಟ್ಟಿಗೆ ಒಲೆಯಿಂದ ಇಳಿಸಿದ ಹಂದಿಯನ್ನು ತನ್ನ ಮೂರು ಗಾಲಿಯ ಸೈಕಲ್ ಗಾಡಿಯಲ್ಲಿಟ್ಟು ಮಾರುಕಟ್ಟೆಗೆ ತುಳಿದುಕೊಂಡು ಹೋಗುತ್ತಾಳೆ. ನಾನು ಆ ಗಾಡಿಯ ಹಿಂದೆ ಓಡತಕ್ಕದ್ದೆಂದು ಅವಳು ತೀರ್ಮಾನಿಸಿದಳು.

ಮಾನ್ಯರೇ, ತಾವು ಎಂದಾದರೂ ಸಮುದ್ರಮಟ್ಟದಿಂದ ಎರಡು ಸಾವಿರದ ಏಳುನೂರು ಮೀಟರ್ ಎತ್ತರದಲ್ಲಿ, ಬರಿಹೊಟ್ಟೆಯಲ್ಲಿ, ಗರಿಗರಿಯಾದ ಚರ್ಮದ ಹಂದಿಯೊಂದನ್ನು ಹಿಂಬಾಲಿಸಿ ಓಡಿದ್ದೀರಾ? ಹಂದಿಯ ಮೂತಿ ನನ್ನ ಕಡೆಗಿತ್ತು. ಬಾಯಲ್ಲಿ ಟೊಮೆಟೊ ಕಚ್ಚಿಕೊಂಡು, ಅರೆಗಣ್ಣು ತೆರೆದು, ನನ್ನ ಪ್ರತಿ ಹೆಜ್ಜೆಯನ್ನೂ ಅದು ಅನುಮಾನದಿಂದ ನೋಡುತ್ತಿತ್ತು. ನನ್ನ ಹಿಂದೆ ಊರಿನ ಹನ್ನೊಂದು ನಾಯಿಗಳು. ಅವುಗಳಿಗೆ ಬೇಕಾದದ್ದು ಹಂದಿ, ಅಡ್ಡವಾಗಿದ್ದದ್ದು ನಾನು. ಮೊದಲ ವಾರ ಗಾಡಿ ಸೇತುವೆ ದಾಟುವಷ್ಟರಲ್ಲಿ ನಾನು ಒಂದು ವಿದ್ಯುತ್ ಕಂಬವನ್ನು ತಬ್ಬಿಕೊಂಡು ನಿಲ್ಲುತ್ತಿದ್ದೆ.

"ಉಸಿರು ಬಿಡೇ!" ಎಂದು ಪಿಯೆದಾದ್ ಮುಂದಿನಿಂದ ಕೂಗುತ್ತಿದ್ದಳು. "ಒಳಗೆ ಇಟ್ಕೊಂಡು ಏನ್ ಮಾಡ್ತೀಯಾ, ಮೊಹರು ಒತ್ತಿಸ್ತೀಯಾ?"

"ನಿಲ್ಸೇ ಮಾರಾಯ್ತಿ, ಪ್ರಾಣ ಹೋಗ್ತಿದೆ!"

"ನಿಲ್ಸಿದ್ರೆ ನಾಯಿಗಳು ಮೊದ್ಲು ನಿನ್ನ ತಿಂದು ಆಮೇಲೆ ಹಂದೀನ ತಿಂತಾವೆ. ಓಡು!"

ಐದನೇ ವಾರಕ್ಕೆ ನಾನು ಮಾರುಕಟ್ಟೆ ತಲುಪಿದೆ. ಒಂಬತ್ತನೇ ವಾರಕ್ಕೆ ಮಾರುಕಟ್ಟೆಗೆ ಹೋಗಿ ಹಿಂದಿರುಗಿ ಮತ್ತೆ ಹೋದೆ. ಹನ್ನೆರಡನೇ ವಾರದ ಒಂದು ಬೆಳಗ್ಗೆ ನಾಯಿಗಳೇ ಸುಸ್ತಾಗಿ ಚರ್ಚಿನ ಬಳಿ ಕುಳಿತುಬಿಟ್ಟವು, ನಾನೊಬ್ಬಳೇ ಓಡುತ್ತಿದ್ದೆ. ಕೆರೆಯ ಮೇಲಿನ ಮಂಜು ಏಳುತ್ತಿತ್ತು. ಮೂವತ್ತೊಂದು ವರ್ಷ ಕುಳಿತೇ ಇದ್ದ ದೇಹವೊಂದು ತನ್ನಷ್ಟಕ್ಕೆ ಮುಂದೆ ಹೋಗುತ್ತಿರುವುದನ್ನು ಕಂಡು ನನಗೇ ನಾಚಿಕೆಯಾಗುವಷ್ಟು ಸಂತೋಷವಾಯಿತು. ಇದನ್ನು ಯಾರಿಗೂ ಹೇಳಿರಲಿಲ್ಲ. ದೂರಿನ ಪತ್ರದಲ್ಲಿ ಹೇಳಬಾರದಾಗಿತ್ತು, ಬಾಯಿ ತಪ್ಪಿ ಬಂತು, ಮುಂದಕ್ಕೆ ಓದಿ.

ಈಗ ಓಟದ ದಿನಕ್ಕೆ ಬರುತ್ತೇನೆ. ತಾವು ರಚಿಸಿದ ನಿಯಮಾವಳಿಯನ್ನು ಟೈಪ್ ಮಾಡಿದವಳೂ ನಾನೇ ಆದ್ದರಿಂದ ಅದರ ಹದಿನಾಲ್ಕನೇ ಕಲಮು ನನಗೆ ಬಾಯಿಪಾಠವಾಗಿದೆ: ಓಟದ ಕಟ್ಟಕಡೆಯಲ್ಲಿ ಸಮಾರೋಪ ವಾಹನವೊಂದು ಬರತಕ್ಕದ್ದು, ಅದರ ಮುಂದಿರುವವರೆಲ್ಲ ಸ್ಪರ್ಧೆಯಲ್ಲಿರುತ್ತಾರೆ, ಅದು ಯಾರನ್ನು ದಾಟುತ್ತದೋ ಅವರು ಸ್ಪರ್ಧೆಯಿಂದ ಹೊರಗಾಗಿ ಅದನ್ನು ಹತ್ತತಕ್ಕದ್ದು. ಇಲ್ಲಿ ವಾಹನವೆಂದರೆ ಆಂಬ್ಯುಲೆನ್ಸ್ ಎಂದು ನಾವೆಲ್ಲ ತಿಳಿದಿದ್ದೆವು. ಆದರೆ ಆ ಭಾನುವಾರ ಆಂಬ್ಯುಲೆನ್ಸು ಮೇಯರ್ ಅವರ ಭಾಷಣದ ಧ್ವನಿವರ್ಧಕಗಳನ್ನು ಹೊತ್ತು ತರುವ ತುರ್ತು ಸೇವೆಯಲ್ಲಿ ತೊಡಗಿದ್ದರಿಂದ, ತಾವು ಔದಾರ್ಯದಿಂದ ತಮ್ಮದೇ ವಿಭಾಗದ ಕಸದ ಲಾರಿ ನಂಬರ್ ಮೂರನ್ನು ನಮ್ಮ ಹಿಂದೆ ಬಿಟ್ಟಿರಿ.

ನಾಲ್ಕನೇ ಕಿಲೋಮೀಟರಿಗೆ ನಾನು ಎಲ್ಲರಿಗಿಂತ ಹಿಂದಾಗಿದ್ದೆ. ಸೈನಿಕರು, ಶಾಲಾ ಮಾಸ್ತರರು, ಪಾದ್ರಿಗಳ ತಮ್ಮ, ಎಲ್ಲರೂ ತಿರುವಿನಲ್ಲಿ ಮರೆಯಾದರು. ಉಳಿದದ್ದು ನಾನು, ಕೆರೆ ಮತ್ತು ಬೆನ್ನ ಹಿಂದೆ ಆ ಲಾರಿಯ ಟಿಣಿ ಟಿಣಿ ರಾಗ. ನಮ್ಮೂರಲ್ಲಿ ಆ ರಾಗ ಕೇಳಿದರೆ ಹಾಲುಗೂಸೂ ಕಸದ ಬುಟ್ಟಿಯ ಕಡೆ ತಿರುಗುತ್ತದೆಂದು ತಮಗೆ ಗೊತ್ತು. ಹನ್ನೊಂದು ಸೆಕೆಂಡಿಗೊಮ್ಮೆ ಮುಗಿದು, ಉಸಿರಾಡದೆ ಮತ್ತೆ ಶುರುವಾಗುವ ರಾಗ. ಅದನ್ನು ನಾನು ಸಾವಿರಕ್ಕೂ ಹೆಚ್ಚು ಬಾರಿ ಕೇಳಿದೆ.

ಲಾರಿಯ ಚಾಲಕ ಸೆಗುಂದೋ ಫರಿನಾಂಗೋ ಕಿಟಕಿಯಿಂದ ತಲೆ ಹೊರಹಾಕಿ, ಟೋಪಿ ತೆಗೆದು, ಕ್ಷಮೆ ಕೇಳಿದ.

"ತಪ್ಪು ತಿಳ್ಕೋಬೇಡಿ ದೋನ್ಯಾ. ಗಾಡಿ ಇಷ್ಟು ನಿಧಾನ ಹೋದ್ರೆ ಹಾಡು ತಾನಾಗೇ ಬರುತ್ತೆ, ನಿಲ್ಸೋ ಗುಂಡಿ ಕಿತ್ತೋಗಿ ಎರಡು ವರ್ಷ ಆಯ್ತು."

"ಏನೂ ಮಾಡೋಕಾಗಲ್ವಾ ದೋನ್ ಸೆಗುಂದೋ?"

"ಆಗುತ್ತೆ. ನೀವು ಸ್ವಲ್ಪ ಜೋರಾಗಿ ಓಡಿದ್ರೆ ನಿಲ್ಲುತ್ತೆ."

ಎಂಟನೇ ಕಿಲೋಮೀಟರಿನಲ್ಲಿ ಲಾಸ್ ಸೌಸೆಸ್ ಬಡಾವಣೆ ಬಂತು. ಮಾನ್ಯರೇ, ನಾನು ಆ ಬೀದಿಗೆ ಕಾಲಿಟ್ಟ ಕೂಡಲೇ ಎಲ್ಲ ಮನೆಗಳ ಬಾಗಿಲು ಒಟ್ಟಿಗೆ ತೆರೆದವು. ಹೆಂಗಸರು, ಗಂಡಸರು, ಮುದುಕರು, ಚಪ್ಪಲಿ ಹಾಕಿಕೊಳ್ಳುವುದಕ್ಕೂ ನಿಲ್ಲದೆ ಓಡಿ ಬಂದರು. ನನ್ನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಇವರ ಅರ್ಜಿಗಳನ್ನು ಬರೆದುಕೊಟ್ಟದ್ದಕ್ಕೆ ಈ ಪ್ರೀತಿಯೇ ಎಂದುಕೊಂಡು ಎರಡೂ ಕೈ ಎತ್ತಿ ಬೀಸಿದೆ. ಮೊದಲು ತಲುಪಿದ ಹೆಂಗಸು ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು.

"ಏನಮ್ಮಾ, ದಾರಿ ಮಧ್ಯೆ ನಿಂತು ಕೈ ಆಡಿಸ್ತೀಯಲ್ಲ! ಲಾರಿ ಬರೋಕೆ ಬಿಡು!"

ಓಟದ ದಾರಿಯ ಅಂಚುಗಳಿಗೆ ಹಳದಿ ಬಣ್ಣ ಬಳಿಯಲು ತಾವು ಎಲ್ಲ ಪೌರಕಾರ್ಮಿಕರನ್ನೂ ಕಳುಹಿಸಿದ್ದರಿಂದ ಒಂಬತ್ತು ದಿನಗಳಿಂದ ಊರಿನಲ್ಲಿ ಕಸ ಎತ್ತಿರಲಿಲ್ಲ ಎಂಬುದು ಆಗ ನನಗೆ ನೆನಪಾಯಿತು. ಆದರೆ ಸಮಾರೋಪ ವಾಹನ ಎಲ್ಲೂ ನಿಲ್ಲಕೂಡದೆಂದು ತಮ್ಮ ಸುತ್ತೋಲೆ ಇತ್ತು. ಸೆಗುಂದೋ ಸುತ್ತೋಲೆಗೆ ತಲೆಬಾಗುವ ಮನುಷ್ಯ. ಲಾರಿ ನಿಲ್ಲಲಿಲ್ಲ. ನಿಲ್ಲದ ಲಾರಿಯನ್ನು ಜನ ಬಿಡಲಿಲ್ಲ. ಕೈಗೆರಡು ಚೀಲಗಳನ್ನು ಹಿಡಿದು ಅವರು ಅದರ ಹಿಂದೆ, ಕೆಲವರು ಅದರ ಪಕ್ಕ, ಕೆಲವರು ನನ್ನ ಪಕ್ಕ ಓಡತೊಡಗಿದರು. ಹನ್ನೆರಡನೇ ಕಿಲೋಮೀಟರಿನ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ಜನರಾಗಿದ್ದೆವು. ಎಪ್ಪತ್ತು ವರ್ಷದ ರೆಬೇಕಾ ಗ್ವಾಲೋತೋ, ತಲೆಯ ಮೇಲೆ ಒಂದು ಮೂಟೆ ಕಸ ಹೊತ್ತು, ನನ್ನ ಯೋಗಕ್ಷೇಮ ವಿಚಾರಿಸಿ, ನನ್ನನ್ನು ದಾಟಿ ಮುಂದೆ ಹೋದಳು. ಹದಿಮೂರು ವಾರಗಳ ತರಬೇತಿಯ ಬಗ್ಗೆ ನನಗೆ ಆಗ ಮೂಡಿದ ಅಭಿಪ್ರಾಯವನ್ನು ಲಿಖಿತ ಭಾಷೆಯಲ್ಲಿ ಹೇಳಲಾಗದು.

ಹದಿಮೂರನೇ ಕಿಲೋಮೀಟರಿನಲ್ಲಿ ಲಾರಿಯ ರೇಡಿಯೋದಲ್ಲಿ ತಮ್ಮ ಅಮೃತವಾಣಿ ಕೇಳಿಬಂತು. ಕಿಟಕಿ ತೆರೆದಿತ್ತು.

"ಎಲ್ಲಿ ಸತ್ತೆಯೋ ಸೆಗುಂದೋ? ಮೇಯರ್ ಭಾಷಣ ಮುಗೀತು, ಬ್ಯಾಂಡಿನವರು ಊಟಕ್ಕೆ ಎದ್ರು! ಆ ಮುದುಕೀನ ದಾಟ್ಕೊಂಡು ಬಾ, ಇಲ್ಲ ಎತ್ತಿ ಹಾಕ್ಕೊಂಡು ಬಾ!"

ಸೆಗುಂದೋ ನನ್ನತ್ತ ನೋಡಲಿಲ್ಲ. ಮೆಲ್ಲಗೆ ಹೇಳಿದ: "ಕೇಳಿಸ್ತಲ್ಲ ದೋನ್ಯಾ. ನಾನೇನು ಮಾಡ್ಲಿ? ಮುಂದಿನ ಸೀಟಲ್ಲಿ ದಿಂಬಿದೆ, ಹತ್ಕೊಂಡ್ಬಿಡಿ."

ನಾನು ಬೇಡವೆಂದು ಕೈಯಾಡಿಸಿ ಓಡುತ್ತಲೇ ಇದ್ದೆ. ಲಾರಿ ಗೇರು ಬದಲಿಸಿ ನನ್ನ ಪಕ್ಕಕ್ಕೆ ಬಂತು. ಅದರ ಮುಂದಿನ ಚಕ್ರ ನನ್ನ ಮೊಣಕೈಗೆ ಸಮನಾಯಿತು. ಇನ್ನು ಹತ್ತು ಹೆಜ್ಜೆಗಳಲ್ಲಿ ನನ್ನ ಓಟ ಮುಗಿಯುವುದಿತ್ತು. ಆಗ ಮಾರುಕಟ್ಟೆ ರಸ್ತೆ ಕೂಡುವಲ್ಲಿ ಒಂದು ಮೂರು ಗಾಲಿಯ ಸೈಕಲ್ ಗಾಡಿ ಅಡ್ಡಲಾಗಿ ನಿಂತಿತ್ತು. ಅದರ ಮೇಲೆ ಮೂಳೆಯ ಮೂಟೆಗಳು, ಮೂಟೆಗಳ ಮೇಲೆ ನೊಣಗಳ ಮೋಡ, ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ಪಿಯೆದಾದ್.

"ಸೆಗುಂದೋ! ಒಂಬತ್ತು ದಿನದ ಹಂದಿಮೂಳೆ ಇದು. ಇದನ್ನ ತಗೊಳ್ದೆ ಮುಂದೆ ಹೋದ್ಯೋ, ಇಲ್ಲೇ ನಿನ್ನ ಮಡಿಲಿಗೆ ಸುರೀತೀನಿ!"

"ನಿಲ್ಲಬಾರ್ದು ಅಂತ ಆರ್ಡರ್ ಇದೆ ಅಕ್ಕಾ!"

"ನಿನ್ನ ಲಾರಿ ಮೇಲೆ ಏನ್ ಬರ್ದಿದೆ? ಓಟ ಅಂತ ಬರ್ದಿದ್ಯೋ, ಕಸ ಅಂತ ಬರ್ದಿದ್ಯೋ?"

ರೇಡಿಯೋದಲ್ಲಿ ತಾವಿನ್ನೂ ಮಾತಾಡುತ್ತಿದ್ದಿರಿ. ಸೆಗುಂದೋ ಅದನ್ನು ಆರಿಸಿ, ಲಾರಿ ನಿಲ್ಲಿಸಿ, ಕೆಳಗಿಳಿದು, ಕೈಗವಸು ಹಾಕಿಕೊಂಡ.

"ಹದಿನೆಂಟು ವರ್ಷದಿಂದ ಕಸದ ಡ್ರೈವರು ನಾನು," ಎಂದ, ಯಾರಿಗೆಂದಲ್ಲದೆ. "ಓಟದ ಡ್ರೈವರು ಇವತ್ತೊಂದೇ ದಿನ."

ಹಿಂದೆ ಓಡಿ ಬಂದವರೆಲ್ಲ ತಮ್ಮ ಚೀಲಗಳನ್ನು ಲಾರಿಗೆ ಹಾಕಿದರು. ಅಷ್ಟರಲ್ಲಿ ನಾನು ಇನ್ನೂರು ಮೀಟರ್ ಮುಂದಿದ್ದೆ. ಪಿಯೆದಾದ್ ಸೈಕಲ್ ಏರಿ, ಫೋನು ಕಿವಿಗಿಟ್ಟುಕೊಂಡು, ನನ್ನನ್ನು ದಾಟಿ ಹೋದಳು. ಅವಳು ಯಾರಿಗೆ ಏನು ಹೇಳಿದಳೋ, ಅಲ್ಲಿಂದ ಮುಂದೆ ನಾನು ಪ್ರತಿ ಬೀದಿಯಲ್ಲೂ ಜನ ಕಾಯುತ್ತಿರುವುದನ್ನು ಕಂಡೆ. ನಾನು ದಾಟುವವರೆಗೆ ಅವರು ಸುಮ್ಮನಿರುತ್ತಿದ್ದರು. ಲಾರಿ ಹತ್ತಿರವಾದ ಕೂಡಲೇ ಕಸ ತರುತ್ತಿದ್ದರು. ಕಸ ಮುಗಿದ ಮೇಲೆ ಹಾಸಿಗೆಗಳು ಬಂದವು. ಕಾಲು ಮುರಿದ ಬೀರು ಬಂತು, ಅದನ್ನು ಆರು ಜನ ಬೇಕೆಂದೇ ಮೂರು ಸಲ ಕೆಳಗಿಳಿಸಿ ಎತ್ತಿದರು. ಪಾದ್ರಿಗಳು ಮೂರು ವರ್ಷದ ಬಾಡಿದ ಹೂವನ್ನೂ ಕರಗಿದ ಮೇಣವನ್ನೂ ಕೊಟ್ಟರು. ಒಬ್ಬಾತ ಕೊಡಲು ಏನೂ ಇಲ್ಲವೆಂದು ಮನೆಯೊಳಗೆ ಹೋಗಿ, ಸುತ್ತಿಗೆಯ ಸದ್ದು ಮಾಡಿ, ಕೈತೊಳೆಯುವ ಸಿಂಕನ್ನೇ ಕಿತ್ತು ತಂದ. ಅವನ ಹೆಂಡತಿಯ ದೂರಿನ ಅರ್ಜಿ ಪ್ರತ್ಯೇಕವಾಗಿ ತಮಗೆ ತಲುಪಲಿದೆ. ಅದನ್ನೂ ನಾನೇ ಬರೆದಿದ್ದೇನೆ.

ಹದಿನೆಂಟನೇ ಕಿಲೋಮೀಟರು, ಶಿಲುಬೆ ಗುಡ್ಡದ ಏರು. ಇಲ್ಲಿ ಸತ್ಯ ಹೇಳುತ್ತೇನೆ. ಅಲ್ಲಿ ನಾನು ಸೋತೆ. ಎಡಗಾಲಿನ ಎರಡು ಉಗುರುಗಳು ಶೂ ಒಳಗೆ ಬೇರೆಯಾಗಿದ್ದವು, ತೊಡೆಗಳು ನನ್ನವಲ್ಲ ಅನ್ನಿಸುತ್ತಿತ್ತು. ರಸ್ತೆಬದಿಯ ಕಲ್ಲಿನ ಮೇಲೆ ಕುಳಿತು ಅತ್ತೆ. ತಮ್ಮ ಮಾತೂ ನಿಜವೇ, ಮುದುಕಿಯೇ ನಾನು, ಯಾರು ಹೇಳಿದ್ದರು ಇದೆಲ್ಲ ಎಂದುಕೊಂಡೆ. ಲಾರಿ ಬಂದು ಹಿಂದೆ ನಿಂತಿತು.

"ಸಾಕಾಯ್ತು ದೋನ್ ಸೆಗುಂದೋ," ಎಂದೆ. "ಬಾಗ್ಲು ತೆಗೀರಿ, ಹತ್ಕೋತೀನಿ."

ಅವನು ಬಾಗಿಲು ತೆರೆದು ತೋರಿಸಿದ. ಮುಂದಿನ ಸೀಟಿನ ಮೇಲೆ ದಿಂಬು, ದಿಂಬಿನ ಮೇಲೆ ಸಿಂಕು, ಸಿಂಕಿನೊಳಗೆ ಹಳೇ ಟಿವಿ.

"ಜಾಗ ಇಲ್ಲ ದೋನ್ಯಾ," ಎಂದ, ಬಹಳ ಮರ್ಯಾದೆಯಿಂದ. "ಹಿಂದೆಯೂ ತುಂಬಿದೆ. ಕೂರೋ ಹಾಗಿದ್ರೆ ಕೂತ್ಕೊಳ್ಳಿ, ನಾನೂ ಇಲ್ಲೇ ಇರ್ತೀನಿ. ಆದ್ರೆ ಊರಿಗೆ ಹೋಗೋಕೆ ನಿಮ್ಮ ಕಾಲು ಬಿಟ್ರೆ ಬೇರೆ ಗಾಡಿ ಇಲ್ಲ."

ನಾನು ಅಳುತ್ತಲೇ ನಕ್ಕುಬಿಟ್ಟೆ. ಅವನು ಎಂಜಿನ್ ಆರಿಸಿ ಒಂದು ಬಾಳೆಹಣ್ಣು ಕೊಟ್ಟ. ತಿಂದು ಎದ್ದೆ.

ನಾಲ್ಕು ಗಂಟೆ ಹತ್ತೊಂಬತ್ತು ನಿಮಿಷಗಳಿಗೆ ನಾನು ಚೌಕ ತಲುಪಿದಾಗ, ಗಾಳಿ ತುಂಬಿದ ಕಮಾನನ್ನು ತಾವು ಬಿಚ್ಚಿ ಮಡಿಸಿಯಾಗಿತ್ತು. ಮೇಯರ್ ಇರಲಿಲ್ಲ, ಬ್ಯಾಂಡ್ ಇರಲಿಲ್ಲ. ತಾವೊಬ್ಬರೇ ತಂತಿ ಸುತ್ತುತ್ತಿದ್ದಿರಿ. ಆದರೆ ಮಾರುಕಟ್ಟೆಯ ಹೆಂಗಸರು ಪಾತ್ರೆ ಮುಚ್ಚಳಗಳನ್ನು ಬಡಿಯುತ್ತಿದ್ದರು, ಈ ಸಲ ಬೇರೆ ಯಾವುದಕ್ಕೂ ಅಲ್ಲ, ನನಗೇ ಎಂದು ಎರಡು ಬಾರಿ ಕೇಳಿ ಖಚಿತಪಡಿಸಿಕೊಂಡೆ. ಲಾರಿ ನನ್ನ ಹಿಂದೆ ನಾಲ್ಕು ಮೀಟರ್ ದೂರದಲ್ಲಿ ಬಂದು ನಿಂತಿತು.

"ಸಮಯ ಮುಗಿದಿದೆ ಅಮ್ಮಾ. ಪದಕವೂ ಮುಗಿದಿದೆ," ಎಂದಿರಿ. ಕೊನೆಯ ಪದಕವನ್ನು ಕಸದ ಮೂಟೆಯೊಂದಿಗೆ ಗೆರೆ ದಾಟಿದ ರೆಬೇಕಾಳಿಗೆ ಕೊಟ್ಟಿದ್ದಿರಿ. ಆಕೆ ಮರುದಿನ ಅದನ್ನು ನನ್ನ ಛತ್ರಿಗೇ ತಂದಳು. ನಾನು ತೆಗೆದುಕೊಳ್ಳಲಿಲ್ಲ, ಮೂಟೆ ಹೊತ್ತು ಅಷ್ಟು ದೂರ ಓಡಿದ ಹೆಂಗಸಿನಿಂದ ಪದಕ ಕಿತ್ತುಕೊಳ್ಳುವಷ್ಟು ಕೆಳಗೆ ನಾನು ಇಳಿದಿಲ್ಲ.

ಮಾನ್ಯರೇ, ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಆದರೆ ಸೋಮವಾರ ಸೆಗುಂದೋ ಫರಿನಾಂಗೋ ನನ್ನ ಛತ್ರಿಯ ಕೆಳಗೆ ಬಂದು, ಓದಿ ಹೇಳಿ ಎಂದು ಒಂದು ಕಾಗದ ಕೊಟ್ಟ. ಅದರಲ್ಲಿ, ಭಾನುವಾರ ಅನಧಿಕೃತವಾಗಿ ಕಸ ಎತ್ತಿದ ಅಪರಾಧಕ್ಕಾಗಿ ಅವನನ್ನು ಹದಿನೈದು ದಿನ ಕೆಲಸದಿಂದ ಅಮಾನತುಗೊಳಿಸಲಾಗಿದೆ ಎಂದಿತ್ತು. ಕಸದ ಲಾರಿಯ ಚಾಲಕ, ಕಸದ ಲಾರಿಯಲ್ಲಿ, ಕಸ ಎತ್ತಿದ್ದಾನೆ. ಮೂವತ್ತೊಂದು ವರ್ಷಗಳಲ್ಲಿ ನಾನು ಅನೇಕ ಅಪರಾಧಗಳನ್ನು ಟೈಪ್ ಮಾಡಿದ್ದೇನೆ, ಇಂಥ ಘೋರವಾದುದನ್ನು ಕಂಡಿರಲಿಲ್ಲ. ಅದನ್ನು ಎರಡು ಸಲ ಓದಿ ಹೇಳಿದೆ. ಅವನು ಮಾತ್ರ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು, "ನಿಮ್ಮ ಉಗುರು ಹೇಗಿದೆ ದೋನ್ಯಾ?" ಎಂದು ಕೇಳಿದ.

ಆದ್ದರಿಂದ ಕೆಳಗಿನ ವಿಷಯಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಆ ಕಾಗದವನ್ನು ತಾವು ಇಂದೇ ಹಿಂದಕ್ಕೆ ಪಡೆಯಬೇಕು; ಅದಕ್ಕೆ ಒಂಬತ್ತು ದಾಖಲೆಗಳು ಬೇಕಾಗುವುದಾದರೆ ಹದಿನೆಂಟು ಕೊಡಲು ಸಿದ್ಧಳಿದ್ದೇನೆ. ಹದಿನಾಲ್ಕನೇ ಕಲಮಿನಲ್ಲಿ ಗಂಟೆ ನಿಮಿಷಗಳ ಮಾತೇ ಇಲ್ಲವಾದ್ದರಿಂದ, ಅರವತ್ತಮೂರನೇ ಸಂಖ್ಯೆಯ ಓಟಗಾರ್ತಿ ಸಮಾರೋಪ ವಾಹನಕ್ಕಿಂತ ನಾಲ್ಕು ಮೀಟರ್ ಮೊದಲು ಗುರಿ ಮುಟ್ಟಿದಳೆಂದು ಫಲಿತಾಂಶದ ಪಟ್ಟಿಯಲ್ಲಿ ನಮೂದಿಸಬೇಕು. ಶಿಲುಬೆ ಗುಡ್ಡವನ್ನು ಮುಂದಿನ ವರ್ಷದೊಳಗೆ ಪಕ್ಕದ ಪುರಸಭೆಯ ಸರಹದ್ದಿಗೆ ವರ್ಗಾಯಿಸಬೇಕು. ಲಾರಿ ನಂಬರ್ ಮೂರಕ್ಕೆ ಹೊಸ ರಾಗವೊಂದನ್ನು ಕೊಡಿಸಬೇಕು, ಯಾವುದಾದರೂ ಸರಿ. ತಾವು ರೇಡಿಯೋದಲ್ಲಿ ನನಗೆ ದಯಪಾಲಿಸಿದ ಬಿರುದನ್ನು ಹಿಂದಕ್ಕೆ ಪಡೆಯುವುದು ಕಷ್ಟವಾದರೆ ಬೇಡ, ಅದನ್ನು ಮೂರು ಪ್ರತಿಗಳಲ್ಲಿ, ತಮ್ಮ ಸಹಿ ಮೊಹರುಗಳೊಂದಿಗೆ ಕಳುಹಿಸಿಕೊಡಿ; ಚೌಕಟ್ಟು ಹಾಕಿಸಿ, ಪದಕ ನೇತುಹಾಕಬೇಕಿದ್ದ ಮೊಳೆಗೆ ನೇತುಹಾಕುತ್ತೇನೆ.

ತಮ್ಮ ಕುರ್ಚಿ ಸದಾ ಮೆತ್ತಗಿರಲಿ, ತಮ್ಮ ಹಾದಿ ಸದಾ ಇಳಿಜಾರಾಗಿರಲಿ ಎಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ, ಹತ್ತರಲ್ಲಿ ಎಂಟು ಉಗುರುಗಳ ಒಡತಿ,
ತರ್ಹೇಲಿಯಾ ಯೇಪೆಸ್

ವಿಶೇಷ ಸೂಚನೆ: ಸೆಗುಂದೋ ಮನೆಯಲ್ಲಿ ಕುಳಿತಿರುವುದರಿಂದಲೂ, ಆ ಲಾರಿಯ ಕ್ಲಚ್ಚು ಅವನ ಕಾಲನ್ನಲ್ಲದೆ ಬೇರೆ ಯಾರ ಕಾಲನ್ನೂ ಒಪ್ಪದಿರುವುದರಿಂದಲೂ, ನಮ್ಮ ಬೀದಿಗಳಲ್ಲಿ ಮತ್ತೆ ಕಸ ಎತ್ತಿಲ್ಲ. ಬರುವ ಭಾನುವಾರ ಬೆಳಗ್ಗೆ ಏಳಕ್ಕೆ ನಾವು ನಲವತ್ತೆರಡು ಜನ ಇನ್ನೊಂದು ಓಟ ಇಟ್ಟುಕೊಂಡಿದ್ದೇವೆ. ದೂರ ಕಡಿಮೆ, ಪ್ರತಿಯೊಬ್ಬರ ಕೈಯಲ್ಲೂ ಎರಡೆರಡು ಚೀಲ, ಗುರಿ ತಮ್ಮ ಮನೆಯ ಹಸಿರು ಗೇಟು. ಅದನ್ನು ಎಷ್ಟು ಹೊತ್ತಿಗೆ ತೆರೆಯುವಿರೆಂದು ತಿಳಿಸಿದರೆ ಉಪಕಾರವಾಗುತ್ತದೆ. ತಿಳಿಸದಿದ್ದರೂ ಚಿಂತೆಯಿಲ್ಲ, ಕಾಂಪೌಂಡ್ ಗೋಡೆ ಅಂಥ ಎತ್ತರವೇನಿಲ್ಲವೆಂದು ಪಿಯೆದಾದ್ ನಿನ್ನೆಯೇ ನೋಡಿಕೊಂಡು ಬಂದಿದ್ದಾಳೆ.